ಎಂಜಿನ್ ಕೆಟ್ಟಿದೆ, ಕೂಡಲೇ ಬನ್ನಿ

ಮೊನ್ನೆ ಒಬ್ಬ ಮೇಷ್ಟ್ರು ಮನೆಗೆ ಬಂದಿದ್ದರು. ಶಾಲೆಯ ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಮ್ ಬರೆಯುವಂಥ ಒಂದು ಸಣ್ಣ ಕಂಪ್ಯೂಟರ್ ಭಾಷೆಯನ್ನು ಕಟ್ಟುತ್ತಿದ್ದಾರಂತೆ. ಬರೆದ ಸಾಲನ್ನು ಕಂಪ್ಯೂಟರು ಒಂದೊಂದಾಗಿ ಓದುತ್ತದೆ, ಓದಿದ್ದನ್ನು ಅಲ್ಲಲ್ಲೇ ಮಾಡುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ, ಎಡವಟ್ಟಾದರೆ ನಡೆಯುತ್ತಿದ್ದ ಹಾಗೆಯೇ ನಿಂತುಬಿಡುತ್ತದೆ. ನಿಂತಾಗ ಪರದೆಯ ಮೇಲೆ ಒಂದು ಮಾತು ಮೂಡಬೇಕು. ಆ ಮಾತುಗಳ ಕನ್ನಡ ಸರಿಯಿದೆಯೇ ನೋಡಿ ಚಾಚಾ, ನೀವು ಜನ್ಮವಿಡೀ ಯಂತ್ರದ ಜೊತೆ ಏಗಿದವರು ಎಂದು ಮೇಜಿನ ಮೇಲೆ ಕಂಪ್ಯೂಟರ್ ಬಿಚ್ಚಿಟ್ಟರು. ಬೇಕೆಂದೇ ತಪ್ಪು ಬರೆದು ಓಡಿಸಿದರು. ಅದು ನಿಂತಿತು. ಪರದೆಯ ಮೇಲೆ ಚೆಂದದ ಅಕ್ಷರದಲ್ಲಿ "ದೋಷ ಸಂಭವಿಸಿದೆ" ಎಂದು ಬಂತು.

ನನಗೆ ಮೈಯೆಲ್ಲ ಉರಿಯಿತು. ದೋಷ ಸಂಭವಿಸಿದೆ ಎಂದು ಹೇಳಲು ಕಂಪ್ಯೂಟರ್ ಯಾಕೆ ಬೇಕು? ನಿಂತಿದೆಯಲ್ಲ, ಅದೇ ಸಾಲದೇ? ಯಾವ ಸಾಲಿನಲ್ಲಿ, ಏನು ಮಾಡಲು ಹೋಗಿ, ಕೈಯಲ್ಲಿ ಏನು ಹಿಡಿದುಕೊಂಡು ನಿಂತಿತು ಎಂದು ಕೇಳಿದೆ. ಅದೆಲ್ಲ ಒಳಗೆ ಇದೆ ಚಾಚಾ, ಮಕ್ಕಳು ನೋಡಿದರೆ ಹೆದರುತ್ತಾರೆ, ಅದಕ್ಕೇ ಎಲ್ಲವನ್ನೂ ತೆಗೆದು ಸ್ವಚ್ಛ ಮಾಡಿ ತೋರಿಸುತ್ತೇನೆ ಎಂದರು. "ತೊಳೆದೆ ಅನ್ನಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಅವರು ಹುಟ್ಟುವುದಕ್ಕೆ ಮೂರು ದಶಕ ಮೊದಲು ನನ್ನ ಜೊತೆ ಶಿರಸಿಯಿಂದ ಬಸ್ಸು ಹತ್ತಬೇಕಿತ್ತು.

ನಮ್ಮದು ಶಿರಸಿ ಪೇಟೆಯಲ್ಲಿ ಲಾರಿ ಇಟ್ಟುಕೊಂಡಿದ್ದ ಮನೆ. ಅಣ್ಣಂದಿರು ಲಾರಿ ಓಡಿಸುತ್ತಿದ್ದರು, ನಾನು ಅದರ ಹೊಟ್ಟೆಯೊಳಗೆ ಕೈಹಾಕುತ್ತಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್ನುಗಳು ಒಂದೊಂದಾಗಿ ಬಂದವು. ಸಿದ್ದಾಪುರದ ಕಡೆ ಅಕ್ಕಿ ಗಿರಣಿ, ಯಲ್ಲಾಪುರದ ಕಡೆ ಮರ ಕೊಯ್ಯುವ ಗಿರಣಿ, ಅಲ್ಲೊಂದು ಇಲ್ಲೊಂದು ನೀರೆತ್ತುವ ಪಂಪು. ಎಂಜಿನ್ ಬಂತು, ಬುದ್ಧಿ ಬರಲಿಲ್ಲ. ಮೂರು ತಾಲೂಕಿಗೂ ನಾನೊಬ್ಬನೇ ಮೇಸ್ತ್ರಿ ಎನ್ನುವ ಹಾಗಿದ್ದೆ, ಆ ಸೊಕ್ಕೂ ಇತ್ತು ಎಂದು ಈಗಲೇ ಹೇಳಿಬಿಡುತ್ತೇನೆ.

ಎಂಜಿನ್ ಇಟ್ಟುಕೊಂಡವರು ಕಳಿಸುತ್ತಿದ್ದ ಸುದ್ದಿಯನ್ನು ನೆನೆದರೆ ಇಂದಿಗೂ ಹೇಸಿಗೆ. ಊರು ಯಾವುದೇ ಇರಲಿ, ಧಣಿ ಯಾರೇ ಇರಲಿ, ಒಂದೇ ಮಂತ್ರ: "ಎಂಜಿನ್ ಕೆಟ್ಟಿದೆ, ಕೂಡಲೇ ಬನ್ನಿ." ಕೆಲವರು ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದರು, ಕೆಲವರು ಕಾರ್ಡು ಹಾಕುತ್ತಿದ್ದರು. ತ್ಯಾಗಲಿಯಿಂದ ಒಬ್ಬರು ಇಡೀ ಕಾರ್ಡು ತುಂಬ ಬರೆದಿದ್ದರು. ತಮ್ಮ ಮನೆಯ ಕ್ಷೇಮ, ನಮ್ಮ ಮನೆಯ ಕ್ಷೇಮದ ವಿಚಾರಣೆ, ಎಮ್ಮೆ ಕರು ಹಾಕಿದ ಸಂಗತಿ, ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿ "ಪಂಪು ಸರಿ ಇಲ್ಲ." ಎಮ್ಮೆಗೆ ಮೂರು ಸಾಲು, ಪಂಪಿಗೆ ಮೂರು ಶಬ್ದ! ಡೀಸೆಲ್ ಚಿಮ್ಮಿಸುವ ನಾಜಲ್ಲು, ರಿಂಗು, ವಾಷರು, ಬೋಲ್ಟು ತಿರುಗಿಸುವ ಪಾನೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸಿ, ಇಳಿದು ಹೊತ್ತುಕೊಂಡು ನಡೆದು ಹೋಗಿ ನೋಡಿದರೆ ಟಾಕಿಯಲ್ಲಿ ಡೀಸೆಲ್ಲೇ ಇಲ್ಲ. ಎಕ್ಕಂಬಿಯಲ್ಲೊಬ್ಬರು ಬೆಲ್ಟು ಕಳಚಿ ಬಿದ್ದಿದ್ದಕ್ಕೆ ನನ್ನನ್ನು ಕರೆಸಿದ್ದರು. ಬೆಲ್ಟು ಅವರ ಕಾಲ ಬುಡದಲ್ಲೇ ಹಾವಿನ ಹಾಗೆ ಬಿದ್ದಿತ್ತು. ಬಿದ್ದಿದೆ ಎಂದು ಬರೆಯಲು ಏನಾಗಿತ್ತು ಎಂದರೆ, "ಅದೆಲ್ಲ ನಿಮಗೇ ಗೊತ್ತಾಗ್ತದಲ್ಲ ಸಾಬ್ರೇ" ಎಂದು ನಕ್ಕರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಾನು ಹೋಗುವಷ್ಟರಲ್ಲಿ ಅವರು ಎಂಜಿನ್ನನ್ನು ತೊಳೆದಿಡುತ್ತಿದ್ದರು! ಮೇಸ್ತ್ರಿ ಬರುತ್ತಾನೆ ಎಂದರೆ ಮನೆಗೆ ನೆಂಟ ಬಂದ ಹಾಗೆ. ಕೊಳಕಾದ ಎಂಜಿನ್ ತೋರಿಸಿದರೆ ಮರ್ಯಾದೆ ಹೋಗುತ್ತದಂತೆ. ತೆಂಗಿನ ನಾರನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ, ನೀರು ಹೊಯ್ದು, ಬಟ್ಟೆಯಲ್ಲಿ ಒರೆಸಿ, ಗಾಲಿಗೆ ಕುಂಕುಮ ಇಟ್ಟು, ತಲೆಯ ಮೇಲೊಂದು ದಾಸವಾಳ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ಎಣ್ಣೆ ಎಲ್ಲಿ ಸೋರಿತ್ತು, ಮಸಿ ಎಲ್ಲಿ ಕಟ್ಟಿತ್ತು, ಯಾವ ಬೋಲ್ಟಿನ ಸುತ್ತ ಹೊಗೆ ಕಾರಿತ್ತು, ಎಲ್ಲ ಮಾಯ. ಕಾಯಿಲೆಯ ಗುರುತನ್ನೆಲ್ಲ ಅಳಿಸಿ, ಮದುಮಗಳ ಹಾಗೆ ಸಿಂಗರಿಸಿ ಕೂರಿಸಿ, ಈಗ ಹೇಳಿ ಏನಾಗಿದೆ ಎನ್ನುತ್ತಿದ್ದರು. ಇಂಥ ಜಾಣರಿಗೆ ಏನು ಹೇಳಬೇಕು? ಬೈದರೆ ಚಾ ಬರುತ್ತಿರಲಿಲ್ಲ, ಅಷ್ಟೇ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಹೋದ ಗಿರಣಿಯಲ್ಲೆಲ್ಲ ಎಂಜಿನ್ನಿನ ಎದುರಿನ ಗೋಡೆಯ ಮೇಲೆ ಇದ್ದಿಲಲ್ಲಿ ದೊಡ್ಡದಾಗಿ ಬರೆದೆ: ನಿಂತಾಗ ಏನು ಮಾಡುತ್ತಿದ್ದಿರಿ, ಒಮ್ಮೆಗೇ ನಿಂತಿತೋ ಮೆಲ್ಲಗೆ ನಿಂತಿತೋ, ನಿಲ್ಲುವ ಮೊದಲು ಏನು ಕಂಡಿರಿ ಏನು ಕೇಳಿದಿರಿ, ನಿಂತ ಮೇಲೆ ಯಾರು ಏನು ಮುಟ್ಟಿದಿರಿ. ಇಷ್ಟಕ್ಕೆ ಉತ್ತರ ಬರೆದು ಕಳಿಸಿ, ನಾನು ಸರಿಯಾದ ಸಾಮಾನು ಹಿಡಿದುಕೊಂಡು ಬರುತ್ತೇನೆ ಎಂದೆ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬರು ಮಗಳ ಮದುವೆಗೆಂದು ಗಿರಣಿಗೂ ಸುಣ್ಣ ಹೊಡೆಸಿದರು, ಅಲ್ಲಿಗೆ ಅವರ ಗೋಡೆಯ ಬರಹ ಮುಗಿಯಿತು. ಉಳಿದವರ ಗೋಡೆಯ ಮೇಲೆ ಬರಹ ಇತ್ತು, ಚೀಟಿ ಮಾತ್ರ ಮತ್ತೆ ಅದೇ, ಎಂಜಿನ್ ಕೆಟ್ಟಿದೆ ಕೂಡಲೇ ಬನ್ನಿ.

ಸಿದ್ದಾಪುರದ ಕಡೆ ಮನ್ಮನೆ ಎಂಬ ಹಳ್ಳಿಯ ಹತ್ತಿರ ಒಂದು ಅಕ್ಕಿ ಗಿರಣಿ ಇತ್ತು. ಅದರ ಎಂಜಿನ್ ಡ್ರೈವರು ಬನವಾಸಿ ಕಡೆಯವ, ಒಕ್ಕಲುತನದ ಮನೆಯಿಂದ ಬಂದವ, ಮೂವತ್ತರ ಆಸುಪಾಸು. ಗಿರಣಿಗೆ ಅಂಟಿದ ಕೋಣೆಯಲ್ಲಿ ಅವನೂ ಹೆಂಡತಿಯೂ ಇದ್ದರು. ಅವನಿಗೆ ಅಕ್ಷರ ಬಾರದು, ಅವಳು ನಾಲ್ಕನೇ ಇಯತ್ತೆ ಓದಿದ್ದಳು. ನಾನು ಗೋಡೆಯ ಮೇಲೆ ಬರೆಯುವಾಗ ಅವಳು ಬಾಗಿಲಲ್ಲಿ ನಿಂತು ಗಂಡನಿಗೆ ಒಂದೊಂದು ಸಾಲನ್ನೂ ಓದಿ ಹೇಳಿದ್ದು ನೆನಪಿದೆ. ಆ ದಿನ ನಾನು ಅವನಿಗೆ ಇನ್ನೊಂದು ಅಪ್ಪಣೆಯನ್ನೂ ಕೊಟ್ಟೆ. ಎಂಜಿನ್ನಿನ ತಲೆಯ ಮೇಲೆ ಒಂದು ಗಾಜಿನ ಎಣ್ಣೆಬಟ್ಟಲು ಇರುತ್ತದೆ. ಅದರ ತಳದ ಸಣ್ಣ ತೂತಿನಿಂದ ಪಿಸ್ಟನ್ನಿಗೆ ಹನಿಹನಿಯಾಗಿ ಎಣ್ಣೆ ಇಳಿಯುತ್ತದೆ, ಹನಿ ಹೆಚ್ಚು ಕಡಿಮೆ ಮಾಡಲು ಮೇಲೊಂದು ಸೂಜಿ. ಸೂಜಿ ತಿರುಗಿಸು, ಎಣ್ಣೆ ತುಂಬು, ಆದರೆ ನಾನಿಲ್ಲದಾಗ ಬಟ್ಟಲ ಬುಡ ಬಿಚ್ಚಬೇಡ ಎಂದಿದ್ದೆ. ಹಿಂದೆ ಒಬ್ಬ ಬಿಚ್ಚಿ ಗಾಜು ಒಡೆದಿದ್ದ, ಅದಕ್ಕೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಬೆಳಗಿನ ಬಸ್ಸಿನ ಕಂಡಕ್ಟರು ಮನ್ಮನೆಯ ಧಣಿಯ ಚೀಟಿ ತಂದುಕೊಟ್ಟ. ಏನು ಬರೆದಿತ್ತೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ತಾಯಿಗೆ ಜ್ವರ, ಅಣ್ಣನ ಲಾರಿಯೂ ಅರ್ಧ ಬಿಚ್ಚಿ ಬಿದ್ದಿತ್ತು. ಆದರೂ ಇಡೀ ಗೋಣಿಚೀಲ ಹೊತ್ತುಕೊಂಡು ಹೋದೆ, ಏನು ಬೇಕೋ ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಹೊರಬೇಕು. ಹಬ್ಬದ ಅಕ್ಕಿ ಮಾಡಿಸಿಕೊಳ್ಳಲು ಬಂದವರು ಗಿರಣಿಯ ಮುಂದೆ ಭತ್ತದ ಚೀಲಗಳ ಮೇಲೆ ಕೂತಿದ್ದರು. ಒಳಗೆ ಎಂಜಿನ್ ಕುಂಕುಮ ಇಟ್ಟುಕೊಂಡು ಹೂ ಮುಡಿದು ಲಕಲಕ ಎನ್ನುತ್ತಿತ್ತು. ಗಾಲಿ ಹಿಡಿದು ತಿರುಗಿಸಿದರೆ ಅಲುಗುವುದಿಲ್ಲ. ಪಿಸ್ಟನ್ ಕಚ್ಚಿಕೊಂಡಿತ್ತು. ಎಣ್ಣೆ ಸಿಗದೆ ಒಣಗಿ, ಕಾದು, ಉಬ್ಬಿ ಹಿಡಿದುಕೊಂಡಿತ್ತು. ಮೇಲೆ ನೋಡಿದರೆ ಗಾಜಿನ ಬಟ್ಟಲ ತುಂಬ ಹೊಸ ಎಣ್ಣೆ.

"ಎಂತ ಆತೋ ಗೊತ್ತಿಲ್ಲ ಸಾಬ್ರೇ, ಇದ್ದಕ್ಕಿದ್ದ ಹಾಂಗೆ ನಿಂತುಬಿಡ್ತು" ಎಂದರು ಧಣಿ. ಗಿರಣಿಗೆ ತಾಗಿದ ತಮ್ಮ ಮನೆಯ ಕಡೆ ತಿರುಗಿ ಹೆಂಡತಿಗೆ ಮನೆಮಾತಿನಲ್ಲಿ, "ಆನು ಎಂತ ಮಾಡ್ತೆ, ಹಬ್ಬದ ಬಾಗಿಲಲ್ಲೇ ಹಿಂಗಾತಲೆ" ಎಂದು ಗೋಳಾಡಿದರು. ನನಗೆ ಜಗಲಿಯ ತುದಿಯಲ್ಲಿ ಬೇರೆ ಲೋಟದಲ್ಲಿ ಚಾ ಬಂತು. ಎಂಜಿನ್ನಿಗೆ ಹೂವು, ಮೇಸ್ತ್ರಿಗೆ ಬೇರೆ ಲೋಟ. ಕುಡಿದು ಮುಗಿಸುವುದರೊಳಗೆ ಧಣಿ, ಅಷ್ಟೂ ಜನರ ಎದುರಿಗೆ, "ಹಾಂಗಾದರೆ ಇದು ಯಾರ ತಪ್ಪು ಹೇಳಿ" ಎಂದರು.

ನನಗೆ ರೇಗಿಹೋಗಿತ್ತು. ಚೀಟಿಯ ಮೇಲೆ ಸಿಟ್ಟು, ಕುಂಕುಮದ ಮೇಲೆ ಸಿಟ್ಟು, ಲೋಟದ ಮೇಲೆ ಸಿಟ್ಟು. ಧಣಿಯ ಮೇಲೆ ತೋರಿಸುವಂತಿಲ್ಲ, ನಾಳೆ ಮತ್ತೆ ಕರೆಯಬೇಕಾದವರು ಅವರೇ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಬಟ್ಟಲು ಒಣಗಿಸಿ ಓಡಿಸಿದ್ದಾನೆ, ಕಚ್ಚಿಕೊಂಡ ಮೇಲೆ ಗಾಬರಿಯಾಗಿ ತೊಳೆದು ಎಣ್ಣೆ ತುಂಬಿ ತಪ್ಪು ಮುಚ್ಚಿದ್ದಾನೆ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. "ಮತ್ಯಾರದು, ಡ್ರೈವರನ ತಪ್ಪು" ಎಂದೆ.

ಅವನು ಅಲ್ಲೇ ನಿಂತಿದ್ದ. ಮುಖ ಕೆಂಪಾಗಲಿಲ್ಲ, ದನಿ ಏರಲಿಲ್ಲ. "ಏನು ತಪ್ಪಾತ್ರೀ ಮೇಸ್ತ್ರಿ? ಎಲ್ಲೆ ತಪ್ಪಾತು, ತೋರಸ್ರಿ" ಎಂದ.

"ನಿನಗೆ ತೋರಿಸಿ ಏನು ಬಂತು" ಎಂದೆ.

ಇಷ್ಟೇ. ಮೂರು ತಾಲೂಕಿನ ಗೋಡೆಗಳ ಮೇಲೆ ಪ್ರಶ್ನೆ ಬರೆದು ಬಂದ ಮಹಾನುಭಾವ ನಾನು. ಪಿಸ್ಟನ್ ಬಿಡಿಸಿ, ಎಣ್ಣೆಬಟ್ಟಲನ್ನೂ ಕಳಚಿ ಹಾಗೆಯೇ ಚೀಲಕ್ಕೆ ಹಾಕಿ ಶಿರಸಿಗೆ ಹೊರಟೆ. ನಾನು ಗದ್ದೆಯ ಏರಿ ಹತ್ತುವಾಗಲೇ ಧಣಿ ಅವನಿಗೆ ಕೋಣೆ ಬಿಡಲು ಹೇಳುತ್ತಿದ್ದುದು ಕೇಳಿಸಿತು. ಹೆಂಡತಿ ಪಾತ್ರೆಗಳನ್ನು ಹೊರಗೆ ತಂದಿಡುತ್ತಿದ್ದಳು. ನಾನು ತಿರುಗಿ ನೋಡಿ, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಚೆಯವ ಒಂದು ಕಾರ್ಡು ಕೊಟ್ಟು ಹೋದ. ಧಣಿಯ ಚೀಟಿ ಬಸ್ಸಿನಲ್ಲಿ ಬಂದಿತ್ತು, ಇದು ಸಿದ್ದಾಪುರದ ಅಂಚೆಯಲ್ಲಿ ನಿಧಾನವಾಗಿ ಬಂದಿತ್ತು. ಗುಂಡುಗುಂಡಾದ ಅಕ್ಷರ, ಕಾರ್ಡಿನ ಎರಡೂ ಕಡೆ ತುಂಬಿತ್ತು. "ಮೇಸ್ತ್ರಿಗಳಿಗೆ ನಮಸ್ಕಾರ. ಗ್ವಾಡಿ ಮ್ಯಾಲೆ ಬರದದ್ದಕ್ಕ ಉತ್ತರ. ನಿಂತಾಗ ಎರಡನೇ ಚೀಲದ ಭತ್ತ ಹಾಕಿದ್ರು. ಒಮ್ಮೆಲೆ ನಿಂತಿಲ್ಲ, ದಣದಂಗಾಗಿ ನಿಂತೈತಿ. ಮೂರು ದಿನದಿಂದ ಎಣ್ಣಿ ಹನಿ ಕಡಿಮಿ ಬೀಳತಿತ್ತು. ಸೂಜಿ ಎತ್ತಿದ್ರ ಬರತಿತ್ತು, ಮತ್ತ ನಿಲ್ಲತಿತ್ತು. ಬಟ್ಟಲದಾಗ ಎಣ್ಣಿ ತುಂಬ ಇತ್ತು. ಬುಡದಾಗ ಏನೋ ಸಿಕ್ಕೊಂಡೈತಿ ಅಂತ ನಮ್ಮನಿಯವರು ಧಣಿಯರಿಗೆ ಎರಡು ಸಲ ಹೇಳ್ಯಾರ. ಹಬ್ಬ ಮುಗೀಲಿ, ನಡಸು ಅಂದ್ರು. ಬುಡ ಬಿಚ್ಚಬ್ಯಾಡ ಅಂತ ನೀವು ಹೇಳಿದ್ದಕ್ಕ ಬಿಚ್ಚಿಲ್ಲ. ನಿಂತ ಮ್ಯಾಲೆ ನಮ್ಮನಿಯವರು ಏನೂ ಮುಟ್ಟಿಲ್ಲ. ಧಣಿಯರ ಮನಿಯವರು ತೊಳದು ಹೊಸಾ ಎಣ್ಣಿ ಹಾಕ್ಯಾರ. ತೊಳೀಬ್ಯಾಡ್ರಿ, ಮೇಸ್ತ್ರಿ ನೋಡ್ಲಿ ಅಂದ್ರ ಕೇಳಲಿಲ್ಲ."

ಚೀಲದಿಂದ ಎಣ್ಣೆಬಟ್ಟಲು ತೆಗೆದೆ. ಬುಡ ಬಿಚ್ಚಿ ಅಂಗೈ ಮೇಲೆ ತಟ್ಟಿದೆ. ಒಂದು ಅಕ್ಕಿಕಾಳು ಬಿತ್ತು. ಅಕ್ಕಿ ಗಿರಣಿಯಲ್ಲಿ ಅಕ್ಕಿಕಾಳು ಎಲ್ಲಿಂದಾದರೂ ಹಾರಿ ಬೀಳಬಹುದು, ಆದರೆ ಇದು ಕೆಂಪಗಿತ್ತು. ಕುಂಕುಮ ಕಲಸಿದ ಅಕ್ಷತೆ. ಮಹಾನವಮಿಯ ದಿನ ಎಂಜಿನ್ನಿಗೆ ಪೂಜೆ ಮಾಡಿದವರು, ದೇವರ ತಲೆಯ ಮೇಲೆ ಹಾಕಿದಂತೆ ಮೇಲಿನಿಂದ ಹಾಕಿ ಸುಮ್ಮನಾಗದೆ, ಎಂಜಿನ್ನಿಗೂ ಹೊಟ್ಟೆಗೆ ಸೇರಲಿ ಎಂದು ಬಟ್ಟಲ ಮುಚ್ಚಳ ತೆಗೆದು ಒಳಗೆ ಹಾಕಿದ್ದರು. ಇಂಥ ಭಕ್ತಿ ನಮ್ಮ ಸೀಮೆಯ ಗಿರಣಿ ಧಣಿಗಳಿಗೆ ಮಾತ್ರ ಸಾಧ್ಯ. ಆ ಕಾಳು ಸೂಜಿಯ ಬಾಯಿಗೆ ಸರಿದಾಗ ಹನಿ ನಿಂತಿದೆ, ಸೂಜಿ ಎತ್ತಿದಾಗ ಪಕ್ಕಕ್ಕೆ ಹೋಗಿದೆ, ಮತ್ತೆ ಬಂದು ಕೂತಿದೆ. ಅವಳು ಬರೆದದ್ದು ಅಕ್ಷರ ಅಕ್ಷರ ಸತ್ಯ. ಅಷ್ಟು ವರ್ಷದಲ್ಲಿ ನನ್ನ ಗೋಡೆಯ ಪ್ರಶ್ನೆಗೆ ಉತ್ತರ ಬರೆದವಳು ಅವಳೊಬ್ಬಳೇ, ಅವಳ ಗಂಡನನ್ನೇ ನಾನು ಬೀದಿಗೆ ಹಾಕಿ ಬಂದಿದ್ದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ.

ಹಬ್ಬ ಕಳೆದ ಮೇಲೆ ಪಿಸ್ಟನ್ ಜೋಡಿಸಲು ಹೋದಾಗ ಧಣಿಗೆ ಆ ಕೆಂಪು ಕಾಳು ತೋರಿಸಿದೆ. ಅವರು ಅದನ್ನು ಕಣ್ಣೆತ್ತಿ ನೋಡಲಿಲ್ಲ. "ದೇವರ ಅಕ್ಷತೆಯಿಂದ ಎಂಜಿನ್ ಕೆಡ್ತದಾ? ಅವನದೇ ತಪ್ಪು ಅಂತ ಅಷ್ಟು ಜನರ ಮುಂದೆ ಹೇಳಿದ್ದು ನೀವೇ ಅಲ್ದಾ?" ಎಂದರು. ಹೌದು, ನಾನೇ. ಎಂಜಿನ್ ಪಕ್ಕದಲ್ಲಿ ಅವರ ಅಕ್ಕನ ಮಗ ಹೊಸ ಡ್ರೈವರಾಗಿ ನಿಂತಿದ್ದ, ಗಾಲಿ ಯಾವ ಕಡೆ ತಿರುಗುತ್ತದೆ ಎಂದೂ ಗೊತ್ತಿರಲಿಲ್ಲ ಅವನಿಗೆ. ಭತ್ತ ಹೊರುವ ಹೆಂಗಸೊಬ್ಬಳು, ಹಳೆಯ ಡ್ರೈವರನೂ ಹೆಂಡತಿಯೂ ಯಲ್ಲಾಪುರದಲ್ಲಿ ಮರದ ಗಿರಣಿಯ ಹತ್ತಿರ ಇರುವ ಹೆಂಡತಿಯ ಅಣ್ಣನ ಮನೆಗೆ ಹೋದರು ಎಂದು ತಿಳಿಸಿದಳು.

ಮನೆಗೆ ಬಂದು ಕಾರ್ಡು ಬರೆದೆ. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ, ಕೊನೆಗೆ "ನನ್ನಿಂದ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಗೀಚಿ, ಅವಳ ಅಣ್ಣನ ಮನೆಯ ವಿಳಾಸಕ್ಕೆ ಹಾಕಿದೆ. ಹಾಕಿದ ಮೇಲೆ ಎದೆಯ ಭಾರ ಇಳಿದಂತಾಯಿತು. ನಾನೂ ದೊಡ್ಡ ಮನುಷ್ಯ, ಕ್ಷಮೆ ಕೇಳಿದೆ ಎಂದು ಒಳಗೊಳಗೇ ಹೆಮ್ಮೆ ಬೇರೆ.

ವಾರದಲ್ಲಿ ಉತ್ತರ ಬಂತು. ಅದೇ ಗುಂಡು ಅಕ್ಷರ. "ನಿಮ್ಮ ಕಾಗದ ಮುಟ್ಟಿತು. ತಪ್ಪಾತು ಅಂತ ಬರದೀರಿ. ಏನು ತಪ್ಪು, ಎಲ್ಲೆ ತಪ್ಪು, ಹೆಂಗ ಆತು ಬರದಿಲ್ಲ. ಎಂಜಿನ್ ಸುಟ್ಟವ ಅಂತ ಇಲ್ಲಿತನಕ ಸುದ್ದಿ ಬಂದೈತಿ. ಮರದ ಗಿರಣಿಯವರು ಕೆಲಸಕ್ಕ ತಗೊಳಾಕ ಒಲ್ಲರು. ಈ ಕಾರ್ಡು ಅವರಿಗೆ ತೋರಿಸಿದ್ರ ತಪ್ಪು ಯಾರದಂತ ತಿಳೀತೈತೇನ್ರಿ? ಗ್ವಾಡಿ ಮ್ಯಾಲೆ ನಮಗ ಬರದು ಕೊಟ್ಟಾವ್ರು ನೀವ ಅಲ್ಲೇನು?"

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ಕಳಿಸಿದ್ದೂ ಅದೇ ಚೀಟಿ. ಎಂಜಿನ್ ಕೆಟ್ಟಿದೆ, ಕೂಡಲೇ ಬನ್ನಿ. ತಪ್ಪಾಗಿದೆ, ಕೂಡಲೇ ಕ್ಷಮಿಸಿ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನೂ ತೊಳೆದು ಹೂ ಮುಡಿಸಿ ಕಳಿಸಿದ್ದೆ. ಅದರಿಂದ ಹಗುರಾದದ್ದು ನನ್ನ ಎದೆ, ಅವನಿಗೆ ಕೆಲಸ ಸಿಗಲಿಲ್ಲ.

ಅಂಗಡಿಯಿಂದ ದೊಡ್ಡ ಹಾಳೆ ತಂದು ಕೂತೆ. ಯಾವ ಗಿರಣಿ, ಯಾವ ಎಂಜಿನ್, ಯಾವ ದಿನ ನಿಂತಿತು ಎಂದು ಬರೆದೆ. ಎಣ್ಣೆಬಟ್ಟಲ ಸೂಜಿಯ ಬಾಯಿಗೆ ಅಕ್ಷತೆಯ ಕಾಳು ಸಿಕ್ಕಿ ಹನಿ ನಿಂತು ಪಿಸ್ಟನ್ ಕಚ್ಚಿಕೊಂಡಿತು ಎಂದು ಬರೆದೆ. ಕಾಳು ಹಾಕಿದವರು ಧಣಿಯ ಮನೆಯವರು. ಡ್ರೈವರು ಮೂರು ದಿನ ಮೊದಲೇ ಕಂಡು ಎರಡು ಸಲ ಹೇಳಿದ್ದ, ನಡೆಸು ಎಂದವರು ಧಣಿ. ಬುಡ ಬಿಚ್ಚಿದ್ದರೆ ಅವನೇ ಸರಿಮಾಡುತ್ತಿದ್ದ, ಬಿಚ್ಚಬೇಡ ಎಂದವನು ನಾನು. ಬಟ್ಟಲು ಬಿಚ್ಚಿ ನೋಡದೆ, ಅವನನ್ನು ಒಂದು ಮಾತೂ ಕೇಳದೆ, ಅವನ ತಪ್ಪು ಎಂದು ಜನರ ಮುಂದೆ ಸುಳ್ಳು ಹೇಳಿದವನೂ ನಾನು. ಈ ಕೊನೆಯ ಸಾಲು ಬರೆಯಲು ಹಿಡಿದಷ್ಟು ಹೊತ್ತು ಉಳಿದದ್ದಕ್ಕೆಲ್ಲ ಸೇರಿಸಿ ಹಿಡಿಯಲಿಲ್ಲ. ಕೆಳಗೆ ರುಜು ಹಾಕಿ, ಕೆಂಪು ಕಾಳನ್ನು ಕಾಗದದಲ್ಲಿ ಮಡಿಸಿ ಲಕೋಟೆಗೆ ಹಾಕಿ ಕಳಿಸಿದೆ. ಮನ್ಮನೆಯ ಧಣಿ ಆಮೇಲೆ ನನ್ನನ್ನು ಕರೆಯಲಿಲ್ಲ, ಅವರ ನೆಂಟರೂ ಕರೆಯಲಿಲ್ಲ.

ಮುಂದಿನ ಮಳೆಗಾಲ ಕಳೆದು ಯಲ್ಲಾಪುರದ ಆ ಮರದ ಗಿರಣಿಯಿಂದ ಕಾರ್ಡು ಬಂತು. ಗುಂಡು ಅಕ್ಷರ, ನಾಲ್ಕು ಸಾಲು. ಓದಿ ಮುಗಿಸುವಷ್ಟರಲ್ಲಿ ಏನಾಗಿದೆ ಎಂದು ನನಗೆ ತಿಳಿದಿತ್ತು. ಗೋಣಿಚೀಲ ಬಿಟ್ಟು ಒಂದು ನಾಜಲ್ಲು, ಎರಡು ಪಾನೆ ಜೇಬಿಗೆ ಹಾಕಿಕೊಂಡು ಹೋದೆ. ಎಂಜಿನ್ನಿನ ಪಕ್ಕ ಅವನೇ ನಿಂತಿದ್ದ. ಎಂಜಿನ್ನು ತೊಳೆದಿರಲಿಲ್ಲ. ಮಸಿ ಎಲ್ಲಿತ್ತೋ ಅಲ್ಲೇ ಇತ್ತು, ಎಣ್ಣೆ ಎಲ್ಲಿ ಸೋರಿತ್ತೋ ಅಲ್ಲೇ. ಎಣ್ಣೆಬಟ್ಟಲ ಮುಚ್ಚಳವನ್ನು ತಂತಿ ಸುತ್ತಿ ಬಿಗಿದಿದ್ದ. ಕೆಲಸ ಅರ್ಧ ತಾಸಿಗೆ ಮುಗಿಯಿತು, ಅಷ್ಟರಲ್ಲಿ ಅವನು ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ಹೊರಡುವಾಗ ನನಗೆ ಏನಾದರೂ ಹೇಳಬೇಕೆನಿಸಿತು. ಕೈ ಒರೆಸಿಕೊಳ್ಳುತ್ತ, "ಎಲ್ಲಾ ಸರಿ ಆತಲ್ಲ?" ಎಂದೆ.

"ಯಾವುದು ರೀ?" ಎಂದ. "ಯಾವುದು ಅಂತ ಕೇಳ್ರಿ, ಹೇಳ್ತೇನಿ."

ಎಂಜಿನ್ನೋ, ನಮ್ಮಿಬ್ಬರ ನಡುವಿನದೋ ಎಂದು ನಾನು ಬಿಡಿಸಿ ಕೇಳಲಿಲ್ಲ. ಪಾನೆ ಜೇಬಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ.